ಹೂಂ ಅಂದವಳಿಗೆ

ಗಡಹಿಂಗ್ಲಜ
ಆಶ್ವಯುಜ ಬಹುಳ ಪಂಚಮಿ, ರವಿವಾರ
24 ಅಕ್ಟೋಬರ್ 1937

ಚಿ. ಸೌ. ಜಿನಮತಿಗೆ, ಊರೂರು ಅಲೆಯುತ್ತಿರುವ ನಿನ್ನ ಕುಂಥುನಾಥನ ಜಯ ಜಿನೇಂದ್ರ.

ನಾನು ಕ್ಷೇಮ, ಮೊಣಕಾಲುಗಳು ಮಾತ್ರ ಹಾಗೆ ಹೇಳುವುದಿಲ್ಲ. ಕಾಗದವನ್ನು ಬೇಕೆಂದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮರಾಠಿಯಲ್ಲಿ ಬರೆದರೆ ತಮ್ಮ ಜಿನಪಾಲ ಮೊದಲು ತಾನು ಓದಿ, ಮಗ್ಗದವರಿಗೆಲ್ಲ ಓದಿ ಹೇಳಿ, ಕಡೆಗೆ ನಿನ್ನ ಕೈಗೆ ಕೊಡುತ್ತಾನೆ. ಇಚಲಕರಂಜಿಯ ಆ ಮನೆಯಲ್ಲಿ ಕನ್ನಡ ಓದಬಲ್ಲವರು ನನ್ನನ್ನು ಬಿಟ್ಟರೆ ನೀನೊಬ್ಬಳೇ.

ದೀಪಾವಳಿ ಕಳೆದು ಚಾತುರ್ಮಾಸ ಮುಗಿಯಿತೆಂದರೆ ನಮ್ಮೂರ ಬಸದಿಯಲ್ಲಿರುವ ಮುನಿ ಮಹಾರಾಜರು ಊರು ಬಿಡುತ್ತಾರೆ. ಅದಕ್ಕೆ ಮೊದಲು ನನಗೆ ದೀಕ್ಷೆ ಆಗಬೇಕು. ಹೆಂಡತಿ ಒಪ್ಪದೆ ದೀಕ್ಷೆ ಇಲ್ಲ ಎಂದು ಅವರು ಕಟ್ಟುನಿಟ್ಟಾಗಿ ಹೇಳಿದ್ದರು. ನೀನು ಒಪ್ಪಿದ್ದಾಯಿತು. ಮಕ್ಕಳಿಲ್ಲ, ಬೇರೆ ಹಂಗಿಲ್ಲ, ಕುಂಥುನಾಥ ಪುಣ್ಯವಂತ ಎಂದು ಊರವರೂ ಹೇಳಿದ್ದಾಯಿತು. ಉಳಿದದ್ದು ಬಂಧುಬಳಗದವರ ಕ್ಷಮೆ ಕೇಳಿ ಬರುವುದೊಂದೇ. ದೀಕ್ಷೆಯಾದ ಮೇಲೆ ಸಾಯುವ ತನಕ ಯಾವ ವಾಹನವನ್ನೂ ಹತ್ತುವಂತಿಲ್ಲ, ಬರಿಗಾಲೇ ಗತಿ. ಅದಕ್ಕೇ ಕಡೆಯದಾಗಿ ಸೈಕಲ್ ಮೇಲೆ ಹೋಗಿ ಬರುತ್ತೇನೆ ಎಂದು ಹೊರಟೆ. ನಾಲ್ಕು ದಿನ ಎಂದಿದ್ದೆ. ಅವು ಯಾವಾಗಲೋ ಮುಗಿದು ಹೋದವು.

ಕೊಲ್ಹಾಪುರದಲ್ಲಿ ದೊಡ್ಡಪ್ಪನ ಮಗ ಧರಣೇಂದ್ರ ಬೆಲ್ಲದ ಅಡತಿ ಅಂಗಡಿಯಲ್ಲಿ ಕೂತಿದ್ದ. ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸು ಎಂದು ಕೈಮುಗಿದೆ. ತಕ್ಕಡಿಯಿಂದ ಕಣ್ಣೆತ್ತದೆ ಕ್ಷಮಿಸಿದೆ ಎಂದ, ಚಹಾ ತರಿಸಿದ. ಅವನ ಹೆಂಡತಿ ಶಾಲನ ಮಾತ್ರ ಸೆರಗು ಕಣ್ಣಿಗೆ ಒತ್ತಿಕೊಂಡು ಗೊಳೋ ಎಂದು ಅತ್ತಳು. ನಿನ್ನ ಗತಿ ನೆನೆದು ಅತ್ತಳಂತೆ. ಅದನ್ನು ನೋಡಿ ನನಗೆ ಹಾಯೆನಿಸಿತು. ಯಾಕೆಂದು ಮುಂದೆ ಬರೆಯುತ್ತೇನೆ, ಈಗ ಧೈರ್ಯವಿಲ್ಲ.

ಅಲ್ಲಿಂದ ಕಾಗಲದ ದಾರಿ ಹಿಡಿದಿದ್ದರೆ ನೇರ ಇಲ್ಲಿಗೆ, ಸೋದರತ್ತೆ ಮಾಣಿಕಬಾಯಿಯ ಮನೆಗೆ ಬಂದು ಕೆಲಸ ಮುಗಿಸಬಹುದಿತ್ತು. ಆದರೆ ಬೆಳಿಗ್ಗೆ ಸುಮ್ಮನೆ ಕಳಂಬಾ ಕೆರೆಯ ಏರಿಯವರೆಗೆ ಹೋದೆ. ಪಡುವಣ ದಿಕ್ಕಿನ ಗುಡ್ಡಗಳು ಮಳೆಯಲ್ಲಿ ತೊಳೆದುಕೊಂಡು ಹಚ್ಚಗೆ ನಿಂತಿದ್ದವು. ಅತ್ತ ನಮ್ಮ ನೆಂಟರು ಒಬ್ಬರೂ ಇಲ್ಲ, ಕ್ಷಮೆ ಕೇಳುವುದಕ್ಕೆ ಶತ್ರುಗಳೂ ಇಲ್ಲ. ಆದರೂ ಹ್ಯಾಂಡಲ್ ಅತ್ತ ತಿರುಗಿತು. ನಾನೇ ತಿರುಗಿಸಿದೆ ಅನ್ನು, ಇನ್ನು ಸುಳ್ಳು ಯಾಕೆ.

ಭೋಗಾವತಿ ಹೊಳೆಯ ಬದಿಯ ದಾರಿ. ಎರಡೂ ಕಡೆ ತೆನೆ ಬಾಗಿದ ಭತ್ತ. ರಾಧಾನಗರಿಯ ದೊಡ್ಡ ಕೆರೆ ಗುಡ್ಡಗಳ ನಡುವೆ ತುಂಬಿ ತುಳುಕುತ್ತಿತ್ತು. ಅಷ್ಟು ನೀರು, ಅಷ್ಟು ಮೌನ. ಇಲ್ಲೇ ಸಾಮಾಯಿಕಕ್ಕೆ ಕೂರೋಣ ಎಂದು ಬಂಡೆಯ ಮೇಲೆ ಪದ್ಮಾಸನ ಹಾಕಿದೆ. ಎರಡು ಗಳಿಗೆ ಅಲುಗದೆ ಕೂತು ಧ್ಯಾನ ಮಾಡಬೇಕು, ಅಷ್ಟೇ ತಾನೆ? ಕಣ್ಣು ಮುಚ್ಚಿದ ಕೂಡಲೇ ಆಚೆ ದಡದ ಕಾಲುದಾರಿ ಗುಡ್ಡದ ಹಿಂದೆ ಎಲ್ಲಿಗೆ ಹೋಗುತ್ತದೋ ಎಂಬ ಚಿಂತೆ. ಒಂದು ಕಣ್ಣು ತೆರೆದೆ, ಆಮೇಲೆ ಎರಡನ್ನೂ. ಎದ್ದು ಅಲ್ಲಿಗೇ ಹೋದೆ. ಆ ದಾರಿ ಇನ್ನೊಂದು ಊರಿಗೆ ಹೋಗುತ್ತಿತ್ತು, ಅಲ್ಲೊಂದು ಸಣ್ಣ ಕೆರೆ, ಆ ಕೆರೆಯ ಆಚೆ ಮತ್ತೊಂದು ದಾರಿ. ಹೀಗೇ ದಿನಗಳು ಹೋದವು. ಏರಿನಲ್ಲಿ ಸೈಕಲ್ಲನ್ನು ಎಮ್ಮೆಯಂತೆ ತಳ್ಳಿದೆ. ಇಳಿಜಾರಿನಲ್ಲಿ ಎರಡೂ ಕಾಲು ಎತ್ತಿಕೊಂಡು, ಬಾಯಿಗೆ ಬಂದದ್ದು ಹಾಡುತ್ತ ಇಳಿದೆ. ಮೂವತ್ತೈದರ ಗಂಡಸು, ನಾಳೆ ಸಂಸಾರ ಬಿಡುವವನು, ಹಾಗೆ ಕೂಗಿದ್ದನ್ನು ಗದ್ದೆಯ ಹೆಂಗಸರು ನಿಂತು ನೋಡಿ ನಕ್ಕರು.

ಆಜರೆಯ ಈಚೆ ಕುರುಬರ ಬಿಡಾರ ಸಿಕ್ಕಿತು. ನಮ್ಮ ಕಡೆಯ ಕನ್ನಡದವರೇ. ಕೃಷ್ಣಾತ ಎಂಬವನು ಕುರಿ ಎಣಿಸುತ್ತಿದ್ದ. ಅವನ ಹೆಂಡತಿ ತಾರವ್ವ ಹೊತ್ತು ಮುಳುಗುವ ಮೊದಲೇ ನನಗೆ ಹಾಲು ಕೊಟ್ಟಳು, ನಮ್ಮ ಜನ ಕತ್ತಲಾದ ಮೇಲೆ ಉಣ್ಣುವುದಿಲ್ಲ ಎಂದು ಅವಳಿಗೆ ಗೊತ್ತು. ಎಲ್ಲಿಗೆ ಹೊರಟಿರಿ ಎಂದಳು. ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ, ಸೈಕಲ್ ನೋಡಿದಳು. "ಸಾಧು ಆದಮ್ಯಾಲೆ ಈ ಸೈಕಲ್ ಯಾರಿಗಿ ಕೊಡ್ತೀರಿ ಯಪ್ಪಾ?" ಎಂದು ಕೇಳಿದಳು.

ಜಿನಪಾಲನಿಗೆ ಅನ್ನಬೇಕಿತ್ತು, ಆದರೆ ಅವನು ಎಣ್ಣೆ ಹಾಕುವುದಿಲ್ಲ, ಬಿಸಿಲಿಗೇ ನಿಲ್ಲಿಸುತ್ತಾನೆ. ಕೊಟ್ಟ ಹಾಲು ಕುಡಿದು, ಮುಖ ಗಂಟು ಹಾಕಿಕೊಂಡು ಎದ್ದು ಬಂದೆ. ಆ ಬಡಪಾಯಿ ಏನು ತಪ್ಪು ಕೇಳಿದಳು ಹೇಳು.

ಜಿನಮತಿ, ಈಗ ಬರೆಯುತ್ತೇನೆ. ನಾನು ನಿನ್ನ ಒಪ್ಪಿಗೆ ಕೇಳಿದ ದಿನ ನೀನು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ. ನಾನು ಒಂದು ವಾರದಿಂದ ಮಾತು ಕೂಡಿಸಿಕೊಂಡು ಬಂದಿದ್ದೆ. ನೀನು ಅಳುತ್ತೀ, ಕಾಲು ಹಿಡಿಯುತ್ತೀ, ಆಗ ಸಂಸಾರ ಅಸಾರವೆಂದು ಹೀಗೆ ಹೀಗೆ ತಿಳಿಸಿ ಹೇಳಬೇಕು ಎಂದು. ನೀನು ತಲೆಯನ್ನೂ ಎತ್ತದೆ, "ಹೂಂ, ಆಗಲಿ. ಬೆಲ್ಲ ತೀರೇತಿ, ಬರೂ ಮುಂದ ತರ್ರಿ" ಎಂದೆ. ನನ್ನ ಮಾತೆಲ್ಲ ನನ್ನಲ್ಲೇ ಉಳಿಯಿತು. ನೀನು ಅಳದ ಅಳುವನ್ನು ಶಾಲನ ಅತ್ತಳು, ಅದಕ್ಕೇ ಅಂದು ಹಾಯೆನಿಸಿದ್ದು. ಆ ಹೂಂ ಬೆನ್ನು ಹತ್ತಿದೆ. ಘಾಟಿನ ಏರಿನಲ್ಲೂ ಅದೇ, ಕೆರೆಯ ದಡದಲ್ಲೂ ಅದೇ.

ಇಲ್ಲಿ ಅತ್ತೆಯ ಕಾಲಿಗೆ ಬಿದ್ದು ಕ್ಷಮೆ ಕೇಳಿದೆ. ಎಲ್ಲರೂ ಕೊಟ್ಟರು, ಈ ಮುದುಕಿ ಕೊಡಲೊಲ್ಲಳು. ಜಿನಮತಿಯನ್ನು ಕೇಳಿದೆಯಾ ಎಂದಳು. ಅವಳು ಆಗಲೇ ಒಪ್ಪಿದ್ದಾಳೆ ಎಂದೆ. "ಹೂಂ ಅನ್ನೂದು ಬ್ಯಾರೆ, ಕ್ಷಮಾ ಮಾಡೂದು ಬ್ಯಾರೆ. ಸಣ್ಣಾವ ಇದ್ದಾಗಿಂದ ನೋಡೇನಿ ನಿನ್ನ. ಕಾಲಾಗ ಚಕ್ರ ಕಟಗೊಂಡ ಹುಟ್ಟೀದಿ. ಮಹಾರಾಜರು ಊರಿಂದೂರಿಗೆ ಹೋಗೂದ ನೋಡಿ ನಿನಗ ವೈರಾಗ್ಯ ಬಂದೈತೋ, ಹೊಟ್ಟೆಕಿಚ್ಚ ಬಂದೈತೋ?" ಎಂದಳು.

ನನಗೆ ಸಿಟ್ಟು ಬಂತು, ಆಮೇಲೆ ನಾಚಿಕೆ ಬಂತು. ಹೊಟ್ಟೆಕಿಚ್ಚೇ, ಜಿನಮತಿ. ಹೋದ ವರ್ಷ ಮಹಾರಾಜರು ಹೆಗಲಿಗೆ ಗಂಟಿಲ್ಲದೆ, ತಿರುಗಿ ನೋಡದೆ ಊರ ಗಡಿ ದಾಟಿದರಲ್ಲ, ಆಗ ನನ್ನ ಎದೆ ಹೊಡೆದುಕೊಂಡದ್ದನ್ನೇ ವೈರಾಗ್ಯ ಎಂದುಕೊಂಡೆ. ಅವರು ನಾಲ್ಕು ತಿಂಗಳು ಒಂದೇ ಬಸದಿಯಲ್ಲಿ ಕಲ್ಲಿನಂತೆ ಕೂರುತ್ತಾರೆ ಎನ್ನುವುದನ್ನು ಮರೆತೇಬಿಟ್ಟಿದ್ದೆ. ನನ್ನಿಂದ ಎರಡು ಗಳಿಗೆ ಆಗಲಿಲ್ಲ. ಆದರೆ ಊರಿಗೆಲ್ಲ ಸುದ್ದಿಯಾಗಿದೆ, ಜಿನಪಾಲ ಮೆರವಣಿಗೆಗೆ ವಾಜಂತ್ರಿಯವರಿಗೆ ಹೇಳಿಟ್ಟಿದ್ದಾನೆ. ಈಗ ನಾನೇ ಒಲ್ಲೆ ಎಂದರೆ ಪೇಟೆಯಲ್ಲಿ ತಲೆ ಎತ್ತಿ ತಿರುಗುವುದು ಹೇಗೆ? ಮುಂದಿನ ದಾರಿ ಕಾಣದೆ ಅತ್ತೆಯ ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದೇನೆ. ಹೊಸದಾಗಿ ಸಾರಿಸಿದ ನೆಲ ಎಂದು ಅವಳು ಬಯ್ಯುತ್ತಿದ್ದಾಳೆ.

ನಿನ್ನವನೇ (ಇನ್ನೂ),
ಕುಂಥುನಾಥ

ತಾ.ಕ.: ನಿನ್ನ ಒಪ್ಪಿಗೆಯನ್ನು ನಾನು ಮಹಾರಾಜರಿಗೆ ಇನ್ನೂ ತಿಳಿಸಿಲ್ಲ. ಅವರು ನಿನ್ನನ್ನೇ ಕರೆಸಿ ಕೇಳುತ್ತಾರೆ. ಆಗ ಇಲ್ಲ ಎಂದುಬಿಡು. ಅತ್ತುಬಿಡು. ಹೆಂಡತಿ ಬಿಡಲಿಲ್ಲ ಎಂದರೆ ನನ್ನನ್ನು ಯಾರೂ ಆಡಿಕೊಳ್ಳುವುದಿಲ್ಲ.

*

ಇಚಲಕರಂಜಿ
ಬುಧವಾರ, 27 ಅಕ್ಟೋಬರ್ 1937

ಯಜಮಾನರ ಪಾದಗಳಿಗೆ ಜಿನಮತಿಯ ನಮಸ್ಕಾರ.

ಕಾಗದ ಮುಟ್ಟಿತು. ಜಿನಪಾಲ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಏನಂತೆ ಎಂದ. ಮೊಣಕಾಲು ನೋಯುತ್ತದಂತೆ ಎಂದೆ.

ಹಾವು ಸಾಯಬೇಕು, ಕೋಲು ಮುರಿಯಬಾರದು ಎಂಬುದು ಜೀವ ಕೊಲ್ಲದ ನಮ್ಮವರು ಆಡುವ ಗಾದೆಯಲ್ಲ, ಆದರೂ ನಿಮಗೆ ಅದೇ ಬೇಕಾಗಿದೆ. ನಾನು ಅಳಬೇಕು, ನಿಮ್ಮ ಮಾನ ಉಳಿಯಬೇಕು. ನಾನು ಇಲ್ಲ ಅನ್ನುವುದಿಲ್ಲ. ಇಲ್ಲ ಅಂದರೆ ಪ್ರತಿ ವರ್ಷ ಮಳೆ ನಿಂತು ದಾರಿ ಒಣಗಿದ ಕೂಡಲೇ, ಇವಳಿಂದ ನನ್ನ ಮೋಕ್ಷ ತಪ್ಪಿತು ಎಂದು ನನ್ನ ಮುಖ ನೋಡುತ್ತೀರಿ. ಆ ಪಾಪ ನನಗೆ ಬೇಡ. ಒಲ್ಲೆ ಎನ್ನುವುದಿದ್ದರೆ ನಿಮ್ಮ ಬಾಯಿಂದಲೇ ಅನ್ನಿ. ಪೇಟೆಯವರು ನಗುವುದು ಒಂದು ಸಂತೆಯಿಂದ ಇನ್ನೊಂದು ಸಂತೆಯವರೆಗೆ ಮಾತ್ರ.

ನಾನು ಅಷ್ಟು ಬೇಗ ಹೂಂ ಅಂದದ್ದು ನಿಮ್ಮನ್ನು ನೋಯಿಸಿದೆ. ನೋಯಲಿ. ನೀವು ಮನೆ ಬಿಡುತ್ತೇನೆ ಎಂದಿರಿ. ನೀವು ಮನೆಯಲ್ಲಿದ್ದದ್ದು ಯಾವಾಗ ಎಂದು ಅಕ್ಕಿ ಆರಿಸುತ್ತ ಯೋಚಿಸಿದೆ, ನೆನಪಿಗೆ ಬರಲಿಲ್ಲ. ಸೀರೆ ವ್ಯಾಪಾರ ಎಂದು ಹೋದಿರಿ, ಯಾತ್ರೆ ಎಂದು ಹೋದಿರಿ, ಗಾಳಿ ಚೆನ್ನಾಗಿದೆ ಎಂದು ಹೋದಿರಿ. ಮದುವೆಯಾದಾಗಿನಿಂದ ನಾನು ಬಾಗಿಲಲ್ಲಿ ನಿಂತು ದಾರಿ ನೋಡಿದ್ದೇನೆ. ದೀಕ್ಷೆಯಾದರೆ ನೋಡುವುದಾದರೂ ತಪ್ಪುತ್ತದೆ ಎನಿಸಿ ಹೂಂ ಎಂದೆ. ಅಳು ಆಮೇಲೆ ಬಂತು. ನೀವು ಆಗಲೇ ಪೇಟೆ ದಾಟಿದ್ದಿರಿ.

ಸೈಕಲ್ ಯಾರಿಗೆ ಕೊಡುತ್ತೀರಿ ಎಂದು ಆ ತಾರವ್ವ ಕೇಳಿದಳಲ್ಲ, ಒಳ್ಳೆಯದಾಯಿತು. ನನ್ನ ಬಗ್ಗೆ ಯಾರೂ ಅಷ್ಟು ಕೇಳಲಿಲ್ಲ, ನೀವೂ ಕೇಳಲಿಲ್ಲ. ಹಾಳೆಗಟ್ಟಲೆ ಕೆರೆ ಗುಡ್ಡ ವರ್ಣಿಸಿದ್ದೀರಿ. ಚೆನ್ನಾಗಿದೆ, ಎರಡು ಸಲ ಓದಿದೆ. ಓದಿ ಹೊಟ್ಟೆ ಉರಿಯಿತು. ನಾನು ಈ ಊರು ಬಿಟ್ಟರೆ ತವರು, ತವರು ಬಿಟ್ಟರೆ ಈ ಊರು. ಹೊಟ್ಟೆಕಿಚ್ಚು ನಿಮಗೊಬ್ಬರಿಗೇ ಬರುತ್ತದೆ ಎಂದು ತಿಳಿಯಬೇಡಿ.

ಮಾಣಿಕಬಾಯಿ ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ಅವರು ಹೇಳಿದ ಮಾತು ನಿಜ. ನಾನು ಕ್ಷಮಿಸಿಲ್ಲ.

ಇಂತಿ,
ಜಿನಮತಿ

ತಾ.ಕ.: ಶುಕ್ರವಾರದ ಸರ್ವಿಸ್ ಮೋಟಾರಿಗೆ ಗಡಹಿಂಗ್ಲಜಕ್ಕೆ ಹೊರಟಿದ್ದೇನೆ, ನಿಪ್ಪಾಣಿಯಲ್ಲಿ ಇಳಿದು ಬೇರೆ ಹತ್ತಬೇಕಂತೆ. ಹೆಣ್ಣೊಬ್ಬಳೇ ಹೇಗೆ ಎಂದು ಜಿನಪಾಲ ತಡೆದ. ಇಷ್ಟು ದಿನ ಒಬ್ಬಳೇ ಇರಲಿಲ್ಲವೇ ಎಂದೆ. ಆ ರಾಧಾನಗರಿಯ ಕೆರೆಯನ್ನು ನೋಡಬೇಕು. ಒಪ್ಪಿಗೆಯೋ ಅಲ್ಲವೋ, ಅದನ್ನು ನೋಡಿದ ಮೇಲೆ ಮಾತಾಡೋಣ. ಮೋಟಾರು ತಡವಾಗಬಹುದು, ಕೆಟ್ಟು ನಿಲ್ಲಲೂಬಹುದು. ನಾನು ಬರುವ ತನಕ ಎಲ್ಲಿಗೂ ಹೋಗಬೇಡಿ. ಈ ಒಂದು ಸಲ ನೀವು ಬಾಗಿಲಲ್ಲಿ ಕೂತು ದಾರಿ ನೋಡಿ.