ಮಲಗುವ ಕೋಣೆಯ ಬಣ್ಣ

ಜಹಾನಾರಾ,

ನೀನು ಆ ತೇವಕ್ಕೆ ಕೆಮ್ಮಿ ಕೆಮ್ಮಿ ತೀರಿಹೋಗುವವರೆಗೂ ಬಾರದ, ಈ ಮನೆ ಬಾಡಿಗೆಗೆ ಕೊಟ್ಟ ಕೌನ್ಸಿಲ್‌ನವರು ಕೊನೆಗೂ ಬಂದು ನಮ್ಮ ಮಲಗುವ ಕೋಣೆಯ ಗೋಡೆಯ ತೇವ ನಿಲ್ಲಿಸಿದರು. ಇವತ್ತು ಬಣ್ಣ ಬಳಿಯಲು ಫರ್ಗಸ್ ಎಂಬ ಸ್ಕಾಟ್ಲೆಂಡಿನವನೊಬ್ಬ ಬಂದಿದ್ದ.

“ಬಿಳಿ ಬಳಿದ್ಬಿಡ್ಲಾ ಅಜ್ಜಾ?”

ಕಾಲೇಜಿನ ಇಂಗ್ಲಿಷು ಅರ್ಧ ಮರೆತಿದ್ದರೂ ಒಂದು ಮಾತು ನಾಲಿಗೆಯಲ್ಲಿತ್ತು. “ಬಾಡಿಗೆದಾರನಿಗೂ ರೈಟ್ಸ್ ಇದೆ ಕಣಯ್ಯಾ! ಮೊದಲು ಹೇಗಿತ್ತೋ ಹಾಗೇ ಮಾಡ್ಕೊಡ್ಬೇಕು.”

“ಮೊದ್ಲು ಹೇಗಿತ್ತು? ಬೂಷ್ಟಿನ ಬಣ್ಣಾನಾ?”

ನೀನು ಸೆರಗು ಸಿಕ್ಕಿಸಿ ಸ್ಟೂಲ್ ಹತ್ತಿ ಬಳಿದದ್ದು, ಮೂಗಿನ ತುದಿಗೆ ಬಣ್ಣ ಮೆತ್ತಿಕೊಂಡು ನಕ್ಕದ್ದು, ಎಲ್ಲ ನೆನಪಿದೆ; ಯಾವ ಬಣ್ಣ ಎಂಬುದೇ ಮರೆತಿತ್ತು.

ಅವನು ಸ್ವಿಚ್ಚಿನ ಮುಚ್ಚಳ ಬಿಚ್ಚಿದ. ಅದರ ಹಿಂದೆ ಅಂಗೈಯಗಲ ಎಳೆಹಸಿರು ಹಾಗೇ ಉಳಿದಿತ್ತು.

“ಸಿಕ್ತಲ್ಲ, ಇದನ್ನೇ ತರ್ತೀನಿ!”

ಸಂಜೆಗೆ ಗೋಡೆಯೆಲ್ಲ ನಿನ್ನ ಎಳೆಹಸಿರಾಯಿತು. ಈ ಕೋಣೆಯಲ್ಲಿ ಇನ್ನು ಯಾರಿಗೂ ಕೆಮ್ಮು ಬರಲಾರದು.