ಕರ ಎತ್ತಿದ ಊರು

ಬಣವಿಕೊಪ್ಪ ನೀರ್ಸಾಲೆ
೩೦ ಫೆಬ್ರವರಿ ೨೨೦೬

ಪೂಜ್ಯ ಚನ್ನವೀರಪ್ಪಜ್ಜನವರಿಗೆ ನಿಮ್ಮ ಏಳನೆಯ ತಲೆಮಾರಿನ ಶಾಂಭವಿ ಮಾಡುವ ನಮಸ್ಕಾರಗಳು. ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಫೆಬ್ರವರಿಗೆ ಮೂವತ್ತು ದಿನ, ಹಿಂದಿನ ಕಾಲಕ್ಕೆ ಓಲೆ ಕಳಿಸುವ ದಾರಿಯೂ ನಮಗೆ ಗೊತ್ತು. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮ ಕಾಲದ ಕನ್ನಡವನ್ನು ನಾನು ಓದಿ ಕಲಿತವಳು.

ನೀರ್ಸಾಲೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಂಕಿ ಆರಿಸುವ ಬಂಡಿ, ನೀರಿನ ತೊಟ್ಟಿ, ಕಾವಲಿನ ಜನ ಇರುವ ಮನೆಯನ್ನು ನಾವು ಹಾಗೆ ಕರೆಯುತ್ತೇವೆ. ಪ್ರತಿ ಮಾಳಿಗೆಯ ಮೇಲೂ ಉರಿಗಿವಿ ಇದೆ. ಹೊಗೆಯ ವಾಸನೆ ಹಿಡಿದು ಕೂಗುವ ಪುಟ್ಟ ಯಂತ್ರ ಅದು. ನನ್ನ ಗಂಡ ಒಗ್ಗರಣೆ ಸೀಯಿಸಿದರೂ ಊರಿಗೆಲ್ಲ ಕೇಳುವಂತೆ ಕೂಗಿ ಮಾನ ಕಳೆಯುತ್ತದೆ. ಬೇಸಿಗೆಯಲ್ಲಿ ಬಣವೆಗಳ ನಡುವೆ ಬಂಡಿ ತಿರುಗುವಷ್ಟು ದಾರಿ ಬಿಡುತ್ತೇವೆ. ಹೊಸ ಮದುಮಕ್ಕಳು ನೀರ್ಸಾಲೆಯ ತೊಟ್ಟಿಗೆ ಒಂದು ಕೊಡ ನೀರು ಸುರಿದೇ ಮನೆ ಹೊಗುವುದು.

ಇದೆಲ್ಲ ಶುರುವಾದದ್ದು ನೀವೆಲ್ಲ ಮಾಡಿದ ಒಂದು ತಪ್ಪಿನಿಂದ. ಹಳ್ಳಿಗಳು ಕೂಡಿ ತಮ್ಮದೇ ಅಗ್ನಿರಕ್ಷಾ ವಲಯ ಮಾಡಿಕೊಳ್ಳಬಹುದೆಂಬ ಕಾನೂನು ಬಂದಾಗ ಅಧಿಕಾರಿ ಅದನ್ನು ಸಭೆಯಲ್ಲಿ ಓದಿದರು: ವಲಯ ಬಯಸುವ ಗ್ರಾಮಸಭೆಯು ಕರ ಎತ್ತತಕ್ಕದ್ದು. ಕರವೆಂದರೆ ಕೈಯೆಂದು ತಿಳಿದು ಇಡೀ ಸಭೆ ಕೈ ಎತ್ತಿತು. ಕೆಲವರು ಎರಡೂ ಎತ್ತಿದರು. ಆಮೇಲೆ ಮನೆಮನೆಗೆ ತೆರಿಗೆಯ ಚೀಟಿ ಬಂತು. ಎಲ್ಲರಿಗಿಂತ ಜೋರಾಗಿ ಸಿಟ್ಟಾದವರು ನೀವು. ನಿಮ್ಮ ಮಾತನ್ನು ನಮ್ಮ ಮನೆಯಲ್ಲಿ ಇಂದಿಗೂ ಹೇಳಿ ನಗುತ್ತೇವೆ: “ಕೈ ಎತ್ತಂದ್ರ ಎತ್ತೇವಿ. ಕಿಸೇದಾಗ ಕೈ ಹಾಕ್ರಿ ಅಂತ ಯಾರ್ ಅಂದಿದ್ರು?”

ನಿಮ್ಮ ಸಿಟ್ಟು ನ್ಯಾಯವೇ. ಜನರಿಗೆ ತಿಳಿಯದ ಭಾಷೆಯಲ್ಲಿ ಒಪ್ಪಿಗೆ ಪಡೆಯಬಾರದು. ಆದರೆ ತಾಲ್ಲೂಕಿನಿಂದ ಬಂಡಿ ಬರುವುದರೊಳಗೆ ಬೂದಿಯಷ್ಟೇ ಉಳಿಯುತ್ತದೆಂದು ನಿಮಗೂ ಗೊತ್ತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ಎಲ್ಲರೂ ಹೇಳುತ್ತಾರೆ. ಮೊದಲೇ ತೋಡೋಣವೆಂದರೆ ಗುದ್ದಲಿ ಕೊಡುವವರು ಸಿಗುವುದಿಲ್ಲ.

ವಲಯ ಬೇಕೋ ಬೇಡವೋ ಎಂದು ನಾಳೆ ಮತ್ತೆ ಸಭೆ ಸೇರುತ್ತೀರಿ. ಆ ಸಭೆಯಲ್ಲಿ ವಲಯ ಒಂದೇ ಒಂದು ಕೈ ಹೆಚ್ಚಾದದ್ದರಿಂದ ಉಳಿಯಿತೆಂದು ನಾವು ಕೇಳಿದ್ದೇವೆ. ಯಾರ ಕೈಯೆಂದು ಹೇಳುವವರಿಲ್ಲ. ಬರುವ ಬೇಸಿಗೆಯಲ್ಲಿ ನಿಮ್ಮ ಹಿತ್ತಲ ಬಣವೆಗೆ ಬೆಂಕಿ ಬೀಳುತ್ತದೆ. ಒಳಗೆ ತೊಟ್ಟಿಲಲ್ಲಿ ನಿಮ್ಮ ಮೊಮ್ಮಗಳು ನೀಲವ್ವ ಮಲಗಿರುತ್ತಾಳೆ. ಬಂಡಿ ಊರಲ್ಲೇ ಇದ್ದರೆ ಅವಳು ಬದುಕುತ್ತಾಳೆ. ನಾನು ಅವಳ ಕುಡಿ.

ಇದನ್ನು ಬರೆಯುವಾಗ ನನಗೆ ಭಯವಾಗುತ್ತಿದೆ, ಅಜ್ಜ. ಹೋದ ಸಲ ತಿಳಿಯದೆ ಕೈ ಎತ್ತಿದಿರಿ. ನಾಳೆ ತಿಳಿದೇ ಎತ್ತಿ.