ಕಂಕುಳ ಕೆಳಗಿನ ಜಾಗ

ತಮ್ಮಾ,

ಇವತ್ತು ನಮ್ಮ ಲ್ಯಾಬಿನಲ್ಲಿ ಗುಂಡು ತಡೆಯುವ ಹೊಸ ಕವಚದ ಪರೀಕ್ಷೆಯಿತ್ತು. ಮನುಷ್ಯನ ಮೈಯ ಬದಲಿಗೆ ಗುಂಡು ತಿನ್ನುವ ಜೆಲ್ಲಿಯ ದಿಮ್ಮಿಯನ್ನು ಎಂದಿನಂತೆ ನಾನೇ ಎರೆದಿದ್ದೆ. ಇಷ್ಟು ವರ್ಷ ಎದೆಗೆ ಮಾತ್ರ ಹೊಡೆದು ನೋಡುತ್ತಿದ್ದೆವು. ನೀನು ಪ್ರಾಣ ಬಿಟ್ಟ ಆ ಕಾಳಗದಲ್ಲಿ ಶತ್ರುಗಳು ಪಕ್ಕದಿಂದ ಸೀಳಿಕೊಂಡು ಬಂದು ಹೊಡೆದರಲ್ಲ, ಆಮೇಲೆ ನಮ್ಮ ಸಾಹೇಬರಿಗೆ ಬುದ್ಧಿ ಬಂದು ಪಕ್ಕಕ್ಕೂ ಪ್ಲೇಟು ಹಾಕಿಸಿದ್ದಾರೆ. ಇವತ್ತು ಮೊದಲ ಸಲ ಕಂಕುಳ ಕೆಳಗೆ ಹೊಡೆದರು. ಗುಂಡು ಒಳಗೆ ಹೋಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಕವಚ ಬಿಚ್ಚಿ ದಿಮ್ಮಿಯ ಆ ಜಾಗದಲ್ಲಿ ಬೆರಳಾಡಿಸಿದೆ. ಚಿಕ್ಕಂದಿನಲ್ಲಿ ಅಲ್ಲಿ ಮುಟ್ಟುವ ಮೊದಲೇ ನೀನು, "ಬೇಡ ಅಕ್ಕಾ, ಕಚಗುಳಿ!" ಎಂದು ಬಿದ್ದು ಬಿದ್ದು ನಗುತ್ತಿದ್ದೆ.

"ಏನಮ್ಮಾ, ತೂತೇನಾದ್ರೂ ಸಿಕ್ತಾ?" ಎಂದರು ಸಾಹೇಬರು.

"ಇಲ್ಲ ಸಾರ್," ಎಂದೆ.

ದಿಮ್ಮಿ ತಣ್ಣಗೆ, ಸುಮ್ಮನೆ ಮುಟ್ಟಿಸಿಕೊಂಡಿತು.